ಬಗ್ಗಿ ಜಾರುತ್ತಿದೆಯಾ? ಮೊದಲು ಟೈರ್ ನೋಡಿ, ಮೋಟರ್ ಆಮೇಲೆ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನಾವು ಐದಾರು ಜನ ಬೆಂಗಳೂರಿನ ಕನಕಪುರ ರಸ್ತೆ ಕಡೆಯ ಒಂದು ಖಾಲಿ ಲೇಔಟಿನಲ್ಲಿ ಆರ್‌ಸಿ ಬಗ್ಗಿ, ಅಂದರೆ ರಿಮೋಟಿನಿಂದ ಓಡಿಸುವ ಪುಟ್ಟ ರೇಸ್ ಗಾಡಿ, ಓಡಿಸಲು ಸೇರುತ್ತೇವೆ. ಸೈಟು ಅಳೆದು ಕಲ್ಲು ನೆಟ್ಟಿದ್ದಾರೆ, ಮನೆ ಇನ್ನೂ ಎದ್ದಿಲ್ಲ. ಮಾಲೀಕರನ್ನು ಕೇಳಿ, ಗುದ್ದಲಿ ಹಿಡಿದು ನಾವೇ ಮಣ್ಣೆಳೆದು, ನಾಲ್ಕು ತಿರುವು ಎರಡು ದಿಬ್ಬ ಮಾಡಿಕೊಂಡಿದ್ದೇವೆ. ಹೋದ ತಿಂಗಳು ಒಬ್ಬ ಕಾಲೇಜು ಹುಡುಗ ಸೆಕೆಂಡ್ ಹ್ಯಾಂಡ್ ಆರ್‌ಸಿ ಬಗ್ಗಿ ತಂದಿದ್ದ. ಎರಡು ಸುತ್ತು ಓಡಿಸಿ ಮುಖ ಸಣ್ಣ ಮಾಡಿಕೊಂಡು ಬಂದ.

"ಅಣ್ಣಾ, ಬಲಕ್ಕೆ ತಿರುಗುವಾಗ ಥ್ರಾಟಲ್ ಕೊಟ್ಟ ತಕ್ಷಣ ಗಿರ್ರನೆ ಸುತ್ತಿಬಿಡುತ್ತೆ. ಇನ್ನೂ ಪವರ್ ಇರೋ ಮೋಟರ್ ಹಾಕಿದ್ರೆ ಸರಿಹೋಗುತ್ತಾ?"

"ಇನ್ನೂ ಜೋರಾಗಿ ಸುತ್ತುತ್ತೆ, ಅಷ್ಟೆ" ಅಂದೆ.

ಹೊಸಬರೆಲ್ಲ ಮಾಡುವ ತಪ್ಪೇ ಇದು. ನಾನೂ ಮಾಡಿದ್ದೇನೆ. ಗಾಡಿ ಮಾತು ಕೇಳುತ್ತಿಲ್ಲ ಅಂದರೆ ಮೋಟರ್ ಮೇಲೆ ಕಣ್ಣು ಬೀಳುತ್ತದೆ, ಇಲ್ಲವೇ ನೀಲಿ ಕೆಂಪು ಬಣ್ಣದ ಅಲ್ಯೂಮಿನಿಯಂ ಪಾರ್ಟುಗಳ ಮೇಲೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ. ಬಗ್ಗಿಯ ಹೊಟ್ಟೆಗೆ ಹಿಟ್ಟು ಅಂದರೆ ಟೈರು, ಶಾಕ್ (ಶಾಕ್ ಅಬ್ಸಾರ್ಬರ್), ಎಣ್ಣೆ.

ಮೊದಲು ಗಾಡಿ ಯಾವುದು ಅಂತ ಹೇಳಿಬಿಡುತ್ತೇನೆ. ನಾನು ಮಾತಾಡುತ್ತಿರುವುದು ಎಂಟನೇ ಒಂದು ಅಳತೆಯ, ಅಂದರೆ ನಿಜವಾದ ಗಾಡಿಯ ಎಂಟನೇ ಒಂದರಷ್ಟಿರುವ, ಎಲೆಕ್ಟ್ರಿಕ್ ಬಗ್ಗಿ ಬಗ್ಗೆ. ಸುಮಾರು ಅರ್ಧ ಮೀಟರ್ ಉದ್ದ, ಮೂರು ಕೆಜಿಗೂ ಜಾಸ್ತಿ ತೂಕ, ನಾಲ್ಕೂ ಚಕ್ರಕ್ಕೆ ಪವರ್. ಒಳಗೆ ಬ್ರಶ್‌ಲೆಸ್ ಮೋಟರ್, ಸಾಮಾನ್ಯವಾಗಿ ನಾಲ್ಕು ಸೆಲ್‌ನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, ಮತ್ತು ಒಂದಲ್ಲ ಎರಡಲ್ಲ ಮೂರು ಡಿಫರೆನ್ಶಿಯಲ್, ಅಂದರೆ ಚಕ್ರಗಳಿಗೆ ಪವರ್ ಹಂಚುವ ಗೇರ್ ಪೆಟ್ಟಿಗೆ. ಹತ್ತನೇ ಒಂದು ಅಳತೆಯವು ಇದಕ್ಕಿಂತ ಚಿಕ್ಕವು. ಅವುಗಳಲ್ಲಿ ಹಿಂದಿನ ಚಕ್ರಕ್ಕೆ ಮಾತ್ರ ಪವರ್ ಇರುವ ಮಾದರಿಯೂ ಉಂಟು. ಅಳತೆ ಬದಲಾದರೂ ತತ್ವ ಬದಲಾಗುವುದಿಲ್ಲ. ಟೀಮ್ ಅಸೋಸಿಯೇಟೆಡ್ ಕಂಪನಿ 1984ರಲ್ಲಿ ಆರ್‌ಸಿ10 ತಂದು, ಮರುವರ್ಷ ಅದೇ ಗಾಡಿ ವಿಶ್ವ ಚಾಂಪಿಯನ್‌ಷಿಪ್ ಗೆದ್ದಿತಲ್ಲ, ಅದರಲ್ಲೂ ನಾಲ್ಕು ಎಣ್ಣೆ ತುಂಬಿದ ಶಾಕ್‌ಗಳೇ ಇದ್ದವು. ಇವತ್ತಿಗೂ ನಾವು ತಲೆ ಕೆಡಿಸಿಕೊಳ್ಳುವುದು ಅದೇ ಎಣ್ಣೆಯ ಬಗ್ಗೆ.

ಈಗ ತತ್ವ. ಸ್ಕೂಟರಿನಲ್ಲಿ ಹಿಂದೆ ಕೂತವರು ನೀವು ಬ್ರೇಕ್ ಹಿಡಿದಾಗ ಮೈಮೇಲೆ ಬಂದು ಬೀಳುತ್ತಾರೆ, ಆಕ್ಸಿಲರೇಟರ್ ತಿರುವಿದರೆ ಹಿಂದಕ್ಕೆ ವಾಲುತ್ತಾರೆ, ಅಲ್ವಾ? ಬಗ್ಗಿಯ ತೂಕವೂ ಹಾಗೇ ಓಡಾಡುತ್ತಿರುತ್ತದೆ. ಥ್ರಾಟಲ್ ಕೊಟ್ಟರೆ ಹಿಂದಿನ ಚಕ್ರಗಳ ಮೇಲೆ, ಬಿಟ್ಟರೆ ಮುಂದೆ, ಎಡಕ್ಕೆ ತಿರುಗಿದರೆ ಬಲಗಡೆಯ ಚಕ್ರಗಳ ಮೇಲೆ. ಯಾವ ಟೈರ್ ಮೇಲೆ ಭಾರ ಬಿತ್ತೋ ಅದು ನೆಲ ಕಚ್ಚುತ್ತದೆ, ಭಾರ ಕಳೆದುಕೊಂಡದ್ದು ಜಾರುತ್ತದೆ. ಸೆಟಪ್ ಅಂದರೆ ಈ ಭಾರ ಎಷ್ಟು ಹೋಗಬೇಕು, ಎಷ್ಟು ಬೇಗ ಹೋಗಬೇಕು ಅಂತ ನಿರ್ಧರಿಸುವುದು. ಸ್ಪ್ರಿಂಗ್, ಎಣ್ಣೆ, ಲಿಂಕ್ ಎಲ್ಲವೂ ಅದಕ್ಕೇ. ಇದರ ಜೊತೆ ಇನ್ನೊಂದು ಸೂತ್ರ ನೆನಪಿಡಿ. ಗಾಡಿಯ ಮುಂದು ಹಿಂದುಗಳಲ್ಲಿ ಯಾವುದು ಗಟ್ಟಿಯೋ ಅದು ಸಾಮಾನ್ಯವಾಗಿ ಮೊದಲು ಜಾರುತ್ತದೆ. ಹಿಂದೆ ಜಾರುತ್ತಿದ್ದರೆ ಹಿಂದೆ ಮೆತ್ತಗೆ ಮಾಡಿ, ಇಲ್ಲವೇ ಮುಂದೆ ಗಟ್ಟಿ ಮಾಡಿ.

ಆದರೆ ಏನನ್ನಾದರೂ ಬದಲಾಯಿಸುವ ಮುಂಚೆ ಗಾಡಿ ಆರೋಗ್ಯವಾಗಿದೆಯಾ ನೋಡಬೇಕು. ಶಾಕ್ ಬಿಚ್ಚಿ, ಚಕ್ರ ಹಿಡಿದಿರುವ ಸಸ್ಪೆನ್ಷನ್ ಆರ್ಮ್ ಎತ್ತಿ ಬಿಡಿ. ತನ್ನ ಭಾರಕ್ಕೇ ದೊಪ್ಪನೆ ಬೀಳಬೇಕು. ಅರ್ಧಕ್ಕೆ ನಿಂತರೆ ಆರ್ಮ್ ತಿರುಗುವ ಕಡ್ಡಿ, ಅಂದರೆ ಹಿಂಜ್ ಪಿನ್, ಬಗ್ಗಿದೆ ಅಥವಾ ಮಣ್ಣು ತುಂಬಿದೆ, ಅಂಥ ಗಾಡಿಗೆ ಯಾವ ಎಣ್ಣೆ ಹಾಕಿದರೂ ದಂಡ. ಬೇರಿಂಗ್‌ಗಳನ್ನು ಬೆರಳಲ್ಲಿ ತಿರುಗಿಸಿ. ನಮ್ಮ ಕೆಂಪು ಧೂಳು ಹಿಟ್ಟಿನ ಹಾಗೆ ನುಣ್ಣಗೆ, ಸೀಲ್ ದಾಟಿ ಒಳಗೆ ಹೋಗುತ್ತದೆ, ಕರಕರ ಅಂದರೆ ಬದಲಾಯಿಸುವುದೇ ಸರಿ. ಲೋಹಕ್ಕೆ ಲೋಹ ಕೂರುವ ಪ್ರತಿ ಸ್ಕ್ರೂಗೂ ಅದು ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್‌ಲಾಕ್ ಒಂದು ಹನಿ. ಇದು ನಾನು ದಂಡ ತೆತ್ತು ಕಲಿತದ್ದು. ಒಮ್ಮೆ ಮೋಟರ್ ಶಾಫ್ಟಿನ ಮೇಲಿನ ಸಣ್ಣ ಪಿನಿಯನ್ ಗೇರನ್ನು ಹಿಡಿಯುವ ಗ್ರಬ್ ಸ್ಕ್ರೂಗೆ ಥ್ರೆಡ್‌ಲಾಕ್ ಹಾಕಲು ಮರೆತೆ, ಮೂರನೇ ಸುತ್ತಿನಲ್ಲಿ ಮೋಟರ್ ಕಿರುಚುತ್ತಿದೆ, ಗಾಡಿ ಮಾತ್ರ ನಿಂತಲ್ಲೇ ನಿಂತಿದೆ. ಬಿಚ್ಚಿ ನೋಡಿದರೆ ಪಿನಿಯನ್ ಶಾಫ್ಟಿನ ತುದಿಗೆ ಸರಿದಿತ್ತು, ಅದು ತಿರುಗಿಸುವ ದೊಡ್ಡ ಸ್ಪರ್ ಗೇರಿನ ಅಂಚಿನ ಹಲ್ಲುಗಳೆಲ್ಲ ಪುಡಿ. ಆ ಗೇರುಗಳ ನಡುವಿನ ಸಂದಿಗೆ ಅಳತೆ ಬೇಕಾ? ಒಂದು ಪಟ್ಟಿ ನೋಟ್‌ಬುಕ್ ಹಾಳೆ ನಡುವೆ ಇಟ್ಟು ಮೋಟರನ್ನು ಒತ್ತಿ ಹಿಡಿದು ಬಿಗಿಯಿರಿ, ಆಮೇಲೆ ಹಾಳೆಯನ್ನು ತಿರುಗಿಸಿ ಆಚೆ ತೆಗೆಯಿರಿ. ಹಾಳೆ ಮಡಿಕೆ ಮಡಿಕೆಯಾಗಿ ಹರಿಯದೆ ಬಂದರೆ ಸರಿಯಾಗಿದೆ.

ಟೈರ್‌ಗೆ ಬರೋಣ. ನನ್ನ ಲೆಕ್ಕದಲ್ಲಿ ಅರ್ಧ ಸೆಟಪ್ ಇಲ್ಲೇ ಮುಗಿಯಿತು. ಬೆಂಗಳೂರಿನ ಕೆಂಪು ಮಣ್ಣು ಒಂದೇ ದಿನದಲ್ಲಿ ಮೂರು ವೇಷ ಹಾಕುತ್ತದೆ. ಬೆಳಿಗ್ಗೆ ಇಬ್ಬನಿ ಬಿದ್ದು ಒದ್ದೆಯಾಗಿದ್ದಾಗ ಗಾಡಿ ಹಳಿ ಮೇಲೆ ಹೋದ ಹಾಗೆ ಹೋಗುತ್ತದೆ. ಹತ್ತು ಗಂಟೆಗೆ ಮೇಲ್ಪದರ ಒಣಗಿ ಧೂಳು ಏಳುತ್ತದೆ. ಮಧ್ಯಾಹ್ನಕ್ಕೆ ಗಾಡಿಗಳು ಓಡಿ ಓಡಿ ದಾರಿಯ ಧೂಳು ಪಕ್ಕಕ್ಕೆ ಸರಿದು ಕೆಳಗಿನ ಗಟ್ಟಿ ನೆಲ ಸಿಮೆಂಟಿನ ಹಾಗೆ ಕಾಣಿಸುತ್ತದೆ, ಅದರಿಂದ ಒಂದಡಿ ಆಚೆ ಹೋದರೆ ಗೋಲಿ ಮೇಲೆ ಕಾಲಿಟ್ಟ ಹಾಗೆ. ಧೂಳಿನಲ್ಲಿ ಉದ್ದ ರಬ್ಬರ್ ಮೊಳೆಗಳ ಟೈರ್ ಬೇಕು, ಸಡಿಲ ಪದರವನ್ನು ತೂರಿ ಕೆಳಗಿನ ಗಟ್ಟಿ ನೆಲ ಮುಟ್ಟಲಿಕ್ಕೆ. ಗಟ್ಟಿ ನೆಲದಲ್ಲಿ ಅದೇ ಮೊಳೆಗಳು ಬಾಗಿ ಗಾಡಿ ತೇಲಿದಂತೆ ಆಡುತ್ತದೆ. ಅಲ್ಲಿಗೆ ಗಿಡ್ಡ, ಒತ್ತೊತ್ತಾದ ಮೊಳೆ, ಮೆತ್ತನೆಯ ರಬ್ಬರ್. ಮಳೆ ಬಂದ ಮರುದಿನಕ್ಕೆ ದೂರ ದೂರ ಮೊಳೆ ಇರುವುದೇ ಬೇಕು, ಇಲ್ಲದಿದ್ದರೆ ಮಣ್ಣು ಮೆತ್ತಿ ಟೈರ್ ರಾಗಿ ಮುದ್ದೆಯಾಗುತ್ತದೆ.

ಬಹಳ ಜನ ಮರೆಯುವುದು ಟೈರಿನ ಒಳಗೆ ಏನಿದೆ ಅನ್ನುವುದನ್ನು. ಈ ಟೈರ್‌ಗಳಿಗೆ ಗಾಳಿ ಹಾಕುವುದಿಲ್ಲ, ಒಳಗೆ ಫೋಮ್ ಉಂಗುರ ಇರುತ್ತದೆ. ಅದು ಹರಿದರೆ ಅಥವಾ ನೀರು ಕುಡಿದು ಕುಸಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಆ ಹುಡುಗನ ಗಾಡಿಯ ಹಿಂದಿನ ಟೈರ್‌ಗಳನ್ನು ನಾಲ್ಕು ಕಡೆ ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಎಡಗಡೆ ಟೈರ್ ಒಂದು ಜಾಗದಲ್ಲಿ ಬಾಡಿದ ಟೊಮ್ಯಾಟೊ ಹಾಗೆ ಒಳಕ್ಕೆ ಹೋಯಿತು. ಜೊತೆಗೆ ರಿಮ್ಮಿನ ಅಂಚಿನಲ್ಲಿ ಎರಡು ಇಂಚು ಅಂಟು ಬಿಟ್ಟಿತ್ತು. ಬಲಕ್ಕೆ ತಿರುಗಿದಾಗ ಭಾರ ಬೀಳುವುದು ಎಡ ಹಿಂದಿನ ಟೈರ್ ಮೇಲೆ. ಗಿರ್ರನೆ ಸುತ್ತದೆ ಇನ್ನೇನು ಮಾಡುತ್ತೆ? ಟೈರ್ ಅಂಟಿಸುವಾಗ ರಿಮ್ಮಿನ ತೋಡನ್ನು ಮತ್ತು ಟೈರಿನ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಸೂಪರ್ ಗ್ಲೂ ತೆಳ್ಳಗೆ ಹರಿಯಬಿಡಿ. ಜಿಡ್ಡು ಇದ್ದರೆ ಎಷ್ಟು ಅಂಟು ಸುರಿದರೂ ನಿಲ್ಲಲ್ಲ.

ಆಮೇಲೆ ಎತ್ತರ. ಇದಕ್ಕೆ ಸಮತಟ್ಟಾದ ಜಾಗ ಬೇಕು. ಬೆಲೆಬಾಳುವ ಸೆಟಪ್ ಬೋರ್ಡ್ ಬೇಡ, ಗ್ರಾನೈಟ್ ಅಂಗಡಿಯಲ್ಲಿ ಅಡುಗೆಮನೆ ಕಟ್ಟೆ ಕತ್ತರಿಸಿ ಉಳಿದ ತುಂಡು ಕೇಳಿ ತನ್ನಿ, ಅದಕ್ಕಿಂತ ಸಮನಾದದ್ದು ಸಿಗಲ್ಲ. ಬ್ಯಾಟರಿ ಸಮೇತ ಗಾಡಿಯನ್ನು ಒಂದು ಗೇಣು ಎತ್ತರದಿಂದ ಬೀಳಿಸಿ, ತಾನಾಗಿ ನಿಲ್ಲಲು ಬಿಟ್ಟು, ಷಾಸಿಯ ತಳಕ್ಕೂ ಕಲ್ಲಿಗೂ ಎಷ್ಟು ಅಂತರ ಅಂತ ಅಳೆಯಿರಿ. ನನ್ನದರಲ್ಲಿ ಮುಂದೆ 27, ಹಿಂದೆ 28 ಮಿ.ಮೀ. ಸ್ಪ್ರಿಂಗಿನ ಮೇಲಿರುವ ಕಾಲರ್ ತಿರುಗಿಸಿದರೆ ಎತ್ತರ ಬದಲಾಗುತ್ತದೆ. ಎಡ ಬಲ ಸಮ ಇರಬೇಕು. ಹುಡುಗನ ಗಾಡಿಯಲ್ಲಿ ಹಿಂದಿನ ಎಡ ಬಲ ಕಾಲರ್‌ಗಳ ನಡುವೆ ಬರೋಬ್ಬರಿ ಮೂರು ಮಿ.ಮೀ. ವ್ಯತ್ಯಾಸ. ನಾಲ್ಕು ಕಾಲಿನ ಮೇಜಿನ ಒಂದು ಕಾಲು ಗಿಡ್ಡ ಇದ್ದ ಹಾಗೆ. ಹೀಗಿದ್ದರೆ ಗಾಡಿ ಒಂದು ಬದಿಗೆ ಚೆನ್ನಾಗಿ ತಿರುಗಿ ಇನ್ನೊಂದು ಬದಿಗೆ ಕೈ ಕೊಡುತ್ತದೆ. ಕಾಲರ್ ಇರುವುದು ಎತ್ತರಕ್ಕೆ, ಸ್ಪ್ರಿಂಗ್ ಗಟ್ಟಿ ಮಾಡಲಿಕ್ಕಲ್ಲ. ಗಟ್ಟಿ ಬೇಕಾದರೆ ಸ್ಪ್ರಿಂಗನ್ನೇ ಬದಲಾಯಿಸಬೇಕು.

ಎತ್ತರದ ತಮ್ಮ ಡ್ರೂಪ್. ಗಾಡಿಯನ್ನು ನಿಧಾನವಾಗಿ ಮೇಲೆತ್ತಿದಾಗ ಚಕ್ರ ನೆಲ ಬಿಡುವ ಮುಂಚೆ ಎಷ್ಟು ಕೆಳಗೆ ಜೋತು ಬೀಳುತ್ತದೆ ಅನ್ನುವುದು. ಮುಂದೆ ಡ್ರೂಪ್ ಜಾಸ್ತಿ ಇದ್ದರೆ ಥ್ರಾಟಲ್ ಕೊಟ್ಟಾಗ ಮೂತಿ ಜಾಸ್ತಿ ಏಳುತ್ತದೆ, ಭಾರ ಹಿಂದಕ್ಕೆ ಹೋಗಿ ಸ್ಟೀರಿಂಗ್ ಸಡಿಲವಾಗುತ್ತದೆ. ಹಿಂದೆ ಜಾಸ್ತಿ ಇದ್ದರೆ ಥ್ರಾಟಲ್ ಬಿಟ್ಟಾಗ ಬಾಲ ಎದ್ದು ಭಾರ ಮುಂದೆ ಬರುತ್ತದೆ, ಗಾಡಿ ಚುರುಕಾಗಿ ತಿರುವಿಗೆ ನುಗ್ಗುತ್ತದೆ. ಗುಂಡಿ ತಗ್ಗು ಇರುವ ಕಡೆ ಡ್ರೂಪ್ ಬೇಕೇ ಬೇಕು, ಇಲ್ಲವಾದರೆ ಚಕ್ರ ಗುಂಡಿಯ ತಳ ಮುಟ್ಟುವುದೇ ಇಲ್ಲ.

ಶಾಕ್ ಎಣ್ಣೆ ನನ್ನ ಇಷ್ಟದ ವಿಷಯ, ಸ್ವಲ್ಪ ಜಾಸ್ತಿ ಬರೆದರೆ ಸಹಿಸಿಕೊಳ್ಳಿ. ಶಾಕ್ ಒಳಗೆ ತೂತುಗಳಿರುವ ಪಿಸ್ಟನ್ ಸಿಲಿಕೋನ್ ಎಣ್ಣೆಯಲ್ಲಿ ಮೇಲೆ ಕೆಳಗೆ ಓಡಾಡುತ್ತದೆ. ಎಣ್ಣೆ ಎಷ್ಟು ಮಂದವೋ ಓಡಾಟ ಅಷ್ಟು ನಿಧಾನ. ಮಂದವನ್ನು ಕೆಲವರು ವೆಯ್ಟ್ ಅನ್ನುವ ಸಂಖ್ಯೆಯಲ್ಲಿ ಹೇಳುತ್ತಾರೆ, ಕೆಲವರು ಸೆಂಟಿಸ್ಟೋಕ್ಸ್‌ನಲ್ಲಿ. ವೆಯ್ಟ್ ಸಂಖ್ಯೆ ಒಂದೊಂದು ಕಂಪನಿಯದು ಒಂದೊಂದು ಥರ, ಅದಕ್ಕೇ ನಾನು ಸೆಂಟಿಸ್ಟೋಕ್ಸ್ ಮಾತ್ರ ನಂಬುತ್ತೇನೆ. ನೀರು ಸುಮಾರು 1. ಎಂಟನೇ ಒಂದರ ಬಗ್ಗಿಯ ಶಾಕ್‌ಗೆ 400ರಿಂದ 600ರ ಆಸುಪಾಸು ಹಾಕುತ್ತಾರೆ. ಎಣ್ಣೆ ತೀರಾ ತೆಳುವಾದರೆ ದಿಬ್ಬ ಹಾರಿ ಇಳಿದಾಗ ಷಾಸಿ ನೆಲಕ್ಕೆ ಟಪ್ ಅಂತ ಬಡಿಯುತ್ತದೆ. ತೀರಾ ಮಂದವಾದರೆ ಸಣ್ಣ ಸಣ್ಣ ಅಲೆಯಂಥ ನೆಲದಲ್ಲಿ ಚಕ್ರ ಕೆಳಗಿಳಿಯಲು ಪುರುಸೊತ್ತೇ ಸಿಗದೆ ಗಾಡಿ ಕುಪ್ಪಳಿಸುತ್ತದೆ. ಇವೆರಡರ ನಡುವೆ ನಿಮ್ಮ ಮಣ್ಣಿಗೆ ಸರಿಹೊಂದುವ ಜಾಗ ಹುಡುಕಬೇಕು.

ಬಿಸಿಲು ಈ ಲೆಕ್ಕವನ್ನು ಬದಲಾಯಿಸುತ್ತದೆ. ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿ ಬಿಸಿನೀರಿನಲ್ಲಿ ಇಟ್ಟು ಕರಗಿಸುತ್ತೇವಲ್ಲ. ಸಿಲಿಕೋನ್ ಎಣ್ಣೆ ಅಷ್ಟೊಂದು ಗಟ್ಟಿಯಾಗಲ್ಲ, ಆದರೆ ಚಳಿಗೆ ಮಂದ ಬಿಸಿಗೆ ತೆಳು ಆಗುವುದು ಅದಕ್ಕೂ ತಪ್ಪಿದ್ದಲ್ಲ. ಜನವರಿಯ ಬೆಳಿಗ್ಗೆ 450ರಲ್ಲಿ ಸುಖವಾಗಿದ್ದ ಗಾಡಿಗೆ ಏಪ್ರಿಲ್ ಮಧ್ಯಾಹ್ನ ನಾನು 550 ಹಾಕುತ್ತೇನೆ.

ಎಣ್ಣೆ ತುಂಬುವ ಕೆಲಸಕ್ಕೆ ತಾಳ್ಮೆ ಬೇಕು. ಶಾಫ್ಟನ್ನು ಕೆಳಕ್ಕೆ ಎಳೆದು, ಎಣ್ಣೆಯನ್ನು ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿ ಹಾಕಿ, ಪಿಸ್ಟನ್ನನ್ನು ನಿಧಾನವಾಗಿ ಏಳೆಂಟು ಸಲ ಆಡಿಸಿ. ಸಾಸಿವೆ ಕಾಳಿನಂಥ ಗುಳ್ಳೆಗಳು ಏಳುತ್ತವೆ. ನೆಟ್ಟಗೆ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಕಾಫಿ ಕುಡಿದು ಬನ್ನಿ. ಗುಳ್ಳೆಯೆಲ್ಲ ಒಡೆದ ಮೇಲೆ ಅಂಚಿನವರೆಗೆ ತುಂಬಿ, ರಬ್ಬರ್ ಬ್ಲ್ಯಾಡರ್ ಕೂರಿಸಿ, ಹೊರಚೆಲ್ಲಿದ ಎಣ್ಣೆ ಒರೆಸಿ ಮುಚ್ಚಳ ಬಿಗಿಯಿರಿ. ಈಗ ಎಡ ಬಲದ ಎರಡು ಶಾಕ್‌ಗಳನ್ನು ಸ್ಪ್ರಿಂಗ್ ಇಲ್ಲದೆ ತುದಿಗೆ ತುದಿ ಇಟ್ಟು ಎರಡೂ ಕೈಯಲ್ಲಿ ಒತ್ತಿ. ಎರಡೂ ಶಾಫ್ಟ್ ಒಟ್ಟಿಗೆ ಒಳಗೆ ಹೋಗಬೇಕು. ಒಂದು ಮೊದಲು ಹೋದರೆ ಅದರಲ್ಲಿ ಗಾಳಿ ಉಳಿದಿದೆ ಅಂತ ಅರ್ಥ, ಮತ್ತೆ ಬಿಚ್ಚಿ. ಬೇಜಾರಿನ ಕೆಲಸವೇ, ಒಪ್ಪುತ್ತೇನೆ.

ಡಿಫರೆನ್ಶಿಯಲ್‌ಗಳದು ಬೇರೆಯೇ ಎಣ್ಣೆ, ಜೇನುತುಪ್ಪದ ಹಾಗೆ ಸಾವಿರಗಳ ಲೆಕ್ಕದಲ್ಲಿ ಮಂದ ಇರುವುದು. ತಿರುವಿನಲ್ಲಿ ಒಳಗಿನ ಚಕ್ರಕ್ಕಿಂತ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ಅದಕ್ಕೆ ಅವಕಾಶ ಕೊಡುವುದು ಡಿಫ್. ಒಳಗಿನ ಎಣ್ಣೆ ಆ ಅವಕಾಶಕ್ಕೆ ಸ್ವಲ್ಪ ತಡೆ ಒಡ್ಡುತ್ತದೆ. ನಾನು ಶುರು ಮಾಡುವುದು ಮುಂದೆ 7000, ನಡುವೆ 7000, ಹಿಂದೆ 3000 ಸೆಂಟಿಸ್ಟೋಕ್ಸ್‌ನಿಂದ. ನಡುವಿನದು ಮನೆ ಯಜಮಾನ ಇದ್ದ ಹಾಗೆ, ಪವರನ್ನು ಮುಂದೆಷ್ಟು ಹಿಂದೆಷ್ಟು ಅಂತ ಹಂಚುವುದು ಅದೇ. ಅದರ ಎಣ್ಣೆ ಮಂದ ಮಾಡಿದರೆ ನಾಲ್ಕೂ ಚಕ್ರ ಒಟ್ಟಿಗೆ ತಳ್ಳಿ ಗಾಡಿ ಚಿಮ್ಮುತ್ತದೆ, ಹಾಗೇ ಧೂಳಿನಲ್ಲಿ ಕೈತಪ್ಪುತ್ತದೆ ಕೂಡ. ತೆಳು ಮಾಡಿದರೆ ಥ್ರಾಟಲ್ ಜೋರಾಗಿ ಕೊಟ್ಟಾಗ ಹಗುರಾದ ಮುಂದಿನ ಚಕ್ರಗಳು ಸುಮ್ನೆ ಸುತ್ತಿ ಪವರ್ ಪೋಲಾಗುತ್ತದೆ, ಆದರೆ ಗಾಡಿ ಸಾಧು. ಮುಂದಿನದು ಮಂದವಾದರೆ ತಿರುವಿಗೆ ನುಗ್ಗುವುದು ನಿಧಾನ, ಥ್ರಾಟಲ್ ಮೇಲೆ ಮೂತಿ ಎಳೆದುಕೊಂಡು ಹೋಗುವುದು ಚೆನ್ನ. ಹಿಂದಿನದು ತೆಳುವಾದಷ್ಟೂ ತಿರುವಿನ ಮಧ್ಯೆ ಹಿಂದಿನ ಹಿಡಿತ ಜಾಸ್ತಿ. ಎಣ್ಣೆಯನ್ನು ಒಳಗಿನ ಅಡ್ಡಪಿನ್ ಮುಳುಗುವಷ್ಟು ಮಾತ್ರ ಹಾಕಿ. ಅಂಚಿನವರೆಗೆ ತುಂಬಿದರೆ ಬಿಸಿಯಾಗಿ ಹಿಗ್ಗಿ ಸೀಲ್‌ನಿಂದ ಸೋರುತ್ತದೆ.

ಕ್ಯಾಂಬರ್, ಟೋ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕ್ಯಾಂಬರ್ ಅಂದರೆ ಚಕ್ರದ ವಾಲು, ಚಕ್ರದ ತಲೆ ಗಾಡಿಯ ಒಳಕ್ಕೆ ಒಂದರಿಂದ ಎರಡು ಡಿಗ್ರಿ ವಾಲಿರಲಿ. ಟೋ ಅಂದರೆ ಚಕ್ರದ ಮುಂತುದಿ ಎತ್ತ ನೋಡುತ್ತದೆ ಅನ್ನುವುದು, ಹಿಂದಿನ ಚಕ್ರಗಳ ಮೂತಿ ಸುಮಾರು ಮೂರು ಡಿಗ್ರಿ ಒಳಮುಖ, ಮುಂದಿನವು ನೇರ ಅಥವಾ ಒಂದು ಡಿಗ್ರಿ ಹೊರಮುಖ. ರೋಲ್ ಸೆಂಟರ್, ಆಂಟಿ ಸ್ಕ್ವಾಟ್ ಅಂತ ಇನ್ನೂ ಹತ್ತಾರು ಇವೆ. ಮೊದಲ ವರ್ಷ ಅವುಗಳ ತಂಟೆಗೆ ಹೋಗಬೇಡಿ. ಕಿಟ್ ಜೊತೆ ಬಂದ ಪುಸ್ತಕದಲ್ಲಿ ಯಾವ ತೂತು ಹೇಳಿದ್ದಾರೋ ಅದೇ ಇರಲಿ, ಗಾಡಿ ಮಾಡಿದವರು ನಮಗಿಂತ ಜಾಸ್ತಿ ಓಡಿಸಿ ನೋಡಿರುತ್ತಾರೆ.

ರಿಮೋಟ್ ಮಾತ್ರ ಅಸಡ್ಡೆ ಮಾಡಬೇಡಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಸರ್ವೊ (ಚಕ್ರ ತಿರುಗಿಸುವ ಪುಟ್ಟ ಮೋಟರ್) ಗುಂಯ್ ಅಂತ ಒದ್ದಾಡುತ್ತಿದ್ದರೆ ಎಂಡ್ ಪಾಯಿಂಟ್, ಅಂದರೆ ಅದು ತಿರುಗುವ ಮಿತಿ, ಇಳಿಸಿ, ಇಲ್ಲದಿದ್ದರೆ ಅದು ಸುಟ್ಟುಹೋಗುತ್ತದೆ. ಎಕ್ಸ್‌ಪೊನೆನ್ಶಿಯಲ್ ಅಂತ ಒಂದು ಸೆಟ್ಟಿಂಗ್ ಇದೆ, ಅದನ್ನು ಸ್ವಲ್ಪ ಹಾಕಿದರೆ ನಡುವೆ ಸ್ಟೀರಿಂಗ್ ಮೃದುವಾಗಿ ಕೈ ನಡುಗಿದರೂ ಗಾಡಿ ನಡುಗಲ್ಲ. ಸಿಗ್ನಲ್ ಹೋದರೆ ಗಾಡಿಯನ್ನು ತಾನಾಗಿ ನಿಲ್ಲಿಸುವ ಫೇಲ್‌ಸೇಫ್ ಕಡ್ಡಾಯ. ಗಾಡಿಯನ್ನು ಸ್ಟ್ಯಾಂಡ್ ಮೇಲಿಟ್ಟು, ಚಕ್ರ ಸುತ್ತುತ್ತಿರುವಾಗ ರಿಮೋಟ್ ಆಫ್ ಮಾಡಿ ನೋಡಿ. ಚಕ್ರ ನಿಲ್ಲಬೇಕು. ಮೂರು ಕೆಜಿ ಗಾಡಿ ಸಿಗ್ನಲ್ ಕಳೆದುಕೊಂಡು ಯಾರದಾದರೂ ಮೊಣಕಾಲಿಗೆ ಹೊಡೆದರೆ ಆಟ ಅಲ್ಲಿಗೇ ಮುಗಿಯಿತು.

ಈಗ ಮೋಟರ್. ಐದು ನಿಮಿಷ ಓಡಿಸಿ ನಿಲ್ಲಿಸಿ, ಬಿಸಿ ಅಳೆಯಿರಿ. 75-80 ಡಿಗ್ರಿ ದಾಟಿದರೆ ಒಂದು ಹಲ್ಲು ಕಮ್ಮಿ ಇರುವ ಪಿನಿಯನ್ ಹಾಕಿ. ಟಾಪ್ ಸ್ಪೀಡ್ ಚೂರು ಹೋಗುತ್ತದೆ, ಮೋಟರ್ ಉಳಿಯುತ್ತದೆ. ಕೊರೊನಾ ಕಾಲದಲ್ಲಿ ಕೊಂಡ, ಹಣೆಗೆ ಹಿಡಿಯುವ ಥರ್ಮಾಮೀಟರ್ ಮನೆಯಲ್ಲಿ ಇದೆಯಲ್ಲ ಅನ್ನಬೇಡಿ. ಅದು ಜ್ವರ ನೋಡಲಿಕ್ಕೆ ಮಾಡಿದ್ದು, 43 ಡಿಗ್ರಿ ಹತ್ತಿರವೇ ಕೈ ಚೆಲ್ಲುತ್ತದೆ. ವಸ್ತುಗಳ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತದೆ, ಸಿಲಿಕೋನ್ ವೈರು, ಕನೆಕ್ಟರು, ಹೀಟ್ ಶ್ರಿಂಕ್ ಕೊಳವೆ ತರಲು ಹೋದಾಗ ಅದನ್ನೂ ತಂದುಬಿಡಿ.

ಬ್ಯಾಟರಿ ಬದಲು ಇಂಧನದಲ್ಲಿ ಓಡುವ ನೈಟ್ರೊ ಎಂಜಿನ್ ಇರುವವರಿಗೆ ಒಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ಕರಾವಳಿಗಿಂತ ಸುಮಾರು ಹತ್ತನೇ ಒಂದು ಪಾಲು ತೆಳು. ಮಂಗಳೂರಿನಲ್ಲಿ ಸರಿಯಾಗಿದ್ದ ಕಾರ್ಬ್ಯುರೇಟರ್ ಸೆಟ್ಟಿಂಗ್ ಇಲ್ಲಿ ಇಂಧನ ಜಾಸ್ತಿ ಕುಡಿಸುತ್ತದೆ. ಇಂಧನದ ಹರಿವು ಹಿಡಿಯುವ ಸ್ಕ್ರೂ, ಅಂದರೆ ನೀಡಲ್, ಸ್ವಲ್ಪವೇ ಸ್ವಲ್ಪ ಒಳಕ್ಕೆ ತಿರುಗಿಸಬೇಕಾಗುತ್ತದೆ. ಹೊಗೆ ಕಾಣಿಸುತ್ತಲೇ ಇರಬೇಕು, ಹೊಗೆ ನಿಂತರೆ ತಪ್ಪಾಯಿತು ಅಂತಲೇ ಲೆಕ್ಕ.

ಹಾರುವಾಗ ಮೂತಿ ಮೇಲಾಗಿ ಬೀಳುವುದು, ಕೆಳಗಾಗಿ ಬೀಳುವುದು ಬಹುತೇಕ ಬೆರಳಿನ ತಪ್ಪು, ಸೆಟಪ್‌ನದಲ್ಲ. ಗಾಳಿಯಲ್ಲಿ ಥ್ರಾಟಲ್ ಕೊಟ್ಟರೆ ಚಕ್ರಗಳು ಮುಂದಕ್ಕೆ ಜೋರಾಗಿ ಸುತ್ತುತ್ತವೆ, ಅದಕ್ಕೆ ವಿರುದ್ಧವಾಗಿ ಗಾಡಿಯ ಮೈ ಹಿಂದಕ್ಕೆ ಸುತ್ತಲು ನೋಡುತ್ತದೆ, ಮೂತಿ ಏಳುತ್ತದೆ. ಬ್ರೇಕ್ ಒತ್ತಿದರೆ ಮೂತಿ ಇಳಿಯುತ್ತದೆ. ಮೂತಿ ನೆಲಕ್ಕೆ ನಾಟುವ ಹಾಗಿದ್ದಾಗ ಹೆದರಿ ಬ್ರೇಕ್ ಒತ್ತುವುದು ಸಹಜ, ಮಾಡಬೇಕಾದದ್ದು ಮಾತ್ರ ಉಲ್ಟಾ.

ಮನೆಗೆ ಬಂದ ಮೇಲೆ ಪೈಪ್ ಹಿಡಿದು ತೊಳೆಯಬೇಡಿ. ಒಣ ಬ್ರಷ್, ಊದುವ ಬ್ಲೋಯರ್ ಸಾಕು. ಲಿಪೊ ಬ್ಯಾಟರಿಯನ್ನು ಸೆಲ್‌ಗೆ 3.8 ವೋಲ್ಟ್‌ಗೆ ತಂದು ಎತ್ತಿಡಿ. ಪೂರ್ತಿ 4.2ರಲ್ಲಿ ವಾರಗಟ್ಟಲೆ ಬಿಟ್ಟರೆ ಊದಿಕೊಳ್ಳುತ್ತದೆ, 3ಕ್ಕಿಂತ ಕೆಳಗಿಳಿದರೆ ಸಾಯುತ್ತದೆ. ಚಾರ್ಜ್ ಮಾಡುವಾಗ ಹತ್ತಿರವೇ ಇರಿ, ಮಂಚದ ಮೇಲೆ ಸೋಫಾ ಮೇಲೆ ಬೇಡ, ಆ ಗ್ರಾನೈಟ್ ತುಂಡು ಇಲ್ಲೂ ಉಪಯೋಗಕ್ಕೆ ಬರುತ್ತದೆ.

ಆ ಹುಡುಗನ ಗಾಡಿಗೆ ಅವತ್ತು ಬೇರೆ ಟೈರ್ ಜೋಡಿ ಹಾಕಿ, ಕಾಲರ್ ಸಮ ಮಾಡಿ ಕೊಟ್ಟೆ. ಸುತ್ತುವುದು ನಿಂತಿತು. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೋ, ಒಂದು ಸಲಕ್ಕೆ ಒಂದೇ ಬದಲಾವಣೆ, ತಾರೀಖು, ನೆಲ ಹೇಗಿತ್ತು, ಮೂರು ಸುತ್ತಿನ ಟೈಮ್ ಬರಿ ಅಂದಿದ್ದೆ. ಹೋದ ಭಾನುವಾರ ತೋರಿಸಿದ. ಮೊದಲ ಪುಟದಲ್ಲಿ ಹೀಗಿತ್ತು: "ಹಿಂದೆ ಶಾಕ್ ಎಣ್ಣೆ 500ರಿಂದ 450. ನೆಲ ಒಣಗಿದೆ. ದಿಬ್ಬದ ಆಚೆ ಕುಪ್ಪಳಿಸುವುದು ಕಮ್ಮಿ. ಟೈಮ್ ಹಾಗೇ ಇದೆ. ಬೆರಳೇ ನಿಧಾನ."